ಟ್ರಾವೆಲ್ ನರ್ಸುಗಳ ಬಹುರಾಜ್ಯ ಪರವಾನಗಿ

ಅಮೆರಿಕದಲ್ಲಿ ನರ್ಸುಗಳಿಗೆ ಪರವಾನಗಿ ಕೊಡುವ ಅಧಿಕಾರ ಒಕ್ಕೂಟ ಸರ್ಕಾರದ್ದಲ್ಲ, ಆಯಾ ರಾಜ್ಯದ ನರ್ಸಿಂಗ್ ಮಂಡಳಿಯದು. 1903ರಲ್ಲಿ ನಾರ್ತ್ ಕೆರೊಲಿನಾ ನೋಂದಣಿಯ ಮೊದಲ ಕಾನೂನು ಮಾಡಿದಂದಿನಿಂದ ಬೆಳೆದುಬಂದ ಈ ವ್ಯವಸ್ಥೆಯಲ್ಲಿ, ಎಲ್ಲ ರಾಜ್ಯಗಳಿಗೂ ‘ಎನ್‌ಕ್ಲೆಕ್ಸ್’ ಎಂಬ ಒಂದೇ ಅರ್ಹತಾ ಪರೀಕ್ಷೆ ಬಂದ ಮೇಲೂ, ರಾಜ್ಯ ಬದಲಾಯಿಸಿದವರಿಗೆ ಹೊಸ ಅರ್ಜಿ, ಹೊಸ ಶುಲ್ಕ, ಮತ್ತೆ ಬೆರಳಚ್ಚು ತಪ್ಪುತ್ತಿರಲಿಲ್ಲ. ಸಿಬ್ಬಂದಿ ಸಾಲದ ಆಸ್ಪತ್ರೆಗಳಿಗೆ ಸಾಮಾನ್ಯವಾಗಿ 13 ವಾರಗಳ ಕರಾರಿನ ಮೇಲೆ ಹೋಗುವ ಟ್ರಾವೆಲ್ ನರ್ಸುಗಳಿಗೆ ಇದು ನಿಜವಾದ ಸಂಕಟವಾಗಿತ್ತು. ಪರವಾನಗಿ ಕೈಸೇರುವಷ್ಟರಲ್ಲಿ ಕರಾರು ಬೇರೆಯವರ ಪಾಲಾಗುತ್ತಿತ್ತು.

ಇದಕ್ಕೆ ಪರಿಹಾರವಾಗಿ, ಒಂದೇ ಪರವಾನಗಿಯ ಮೇಲೆ ಸದಸ್ಯ ರಾಜ್ಯಗಳಲ್ಲೆಲ್ಲ ಕೆಲಸ ಮಾಡಲು ಅವಕಾಶ ಕೊಡುವಂತೆ ರಾಜ್ಯಗಳು ತಮ್ಮತಮ್ಮಲ್ಲೇ ಮಾಡಿಕೊಂಡ ಒಡಂಬಡಿಕೆಯೇ ‘ನರ್ಸ್ ಲೈಸೆನ್ಶರ್ ಕಾಂಪ್ಯಾಕ್ಟ್’. 2000ದಲ್ಲಿ ಬೆರಳೆಣಿಕೆಯ ರಾಜ್ಯಗಳೊಡನೆ ಆರಂಭವಾದ ಇದು, ಅಪರಾಧ ಹಿನ್ನೆಲೆಯ ತಪಾಸಣೆಯೂ ಸೇರಿದಂತೆ ಏಕರೂಪದ ಅರ್ಹತೆಗಳನ್ನು ಅಳವಡಿಸಿಕೊಂಡು 2018ರ ಜನವರಿಯಲ್ಲಿ ಹೊಸ ರೂಪದಲ್ಲಿ ಜಾರಿಗೆ ಬಂದಿತು. ಈಗ 40ಕ್ಕೂ ಹೆಚ್ಚು ರಾಜ್ಯಗಳೂ ಪ್ರಾಂತಗಳೂ ಇದರಲ್ಲಿವೆ.

ಈ ಬಹುರಾಜ್ಯ ಪರವಾನಗಿಯ ಬೇರು ಇರುವುದು ನರ್ಸಿನ ಕಾಯಂ ವಾಸದ ರಾಜ್ಯದಲ್ಲಿ. ಚಾಲನಾ ಪರವಾನಗಿ, ಮತದಾರರ ನೋಂದಣಿ, ಆದಾಯ ತೆರಿಗೆ ವಿವರಪಟ್ಟಿ ಮುಂತಾದ ಕಾನೂನುಬದ್ಧ ದಾಖಲೆಗಳು ಆ ವಾಸವನ್ನು ನಿರ್ಧರಿಸುತ್ತವೆಯೇ ಹೊರತು, ಹೊಂದಿರುವ ಆಸ್ತಿಯಲ್ಲ. ಟೆಕ್ಸಾಸಿನಲ್ಲಿ ನೆಲೆಸಿರುವ ನರ್ಸ್ ಅರಿಜೋನಾದಲ್ಲಿ ಒಂದು ಕರಾರು ಮುಗಿಸಿ ಮರಳಿದರೆ ಏನನ್ನೂ ಬದಲಿಸಬೇಕಿಲ್ಲ. ಅಲ್ಲಿಯೇ ಕಾಯಂ ಆಗಿ ನೆಲೆಸಿದರೆ ಮಾತ್ರ 60 ದಿನಗಳೊಳಗೆ ಅರಿಜೋನಾಕ್ಕೆ ಅರ್ಜಿ ಹಾಕಬೇಕು. ಒಡಂಬಡಿಕೆಯ ಹೊರಗಿರುವ ಕ್ಯಾಲಿಫೋರ್ನಿಯಾಕ್ಕೆ ವಾಸ ಬದಲಾಯಿಸಿದರಂತೂ ಬಹುರಾಜ್ಯ ಪರವಾನಗಿ ಒಂದೇ ರಾಜ್ಯದ ಪರವಾನಗಿಯಾಗಿ ಕುಗ್ಗುತ್ತದೆ. ಅಲೆದಾಟವೇ ವೃತ್ತಿಯಾದವರಿಗೆ ಸ್ಥಿರವಾದ ವಿಳಾಸ ಇಷ್ಟು ಮುಖ್ಯವೆಂಬುದನ್ನು ಹೊಸಬರು ಮೊದಲೇ ತಿಳಿದಿರಬೇಕು.

ವಾಸ ಎಲ್ಲಿಯದಾದರೂ ಅನ್ವಯವಾಗುವ ಕಾನೂನು ಮಾತ್ರ ರೋಗಿ ಇರುವ ರಾಜ್ಯದ್ದು. ದೂರವಾಣಿಯಲ್ಲಿ ಸಲಹೆ ಕೊಡುವಾಗಲೂ ಇದೇ ನಿಯಮ. ಯಾವ ಕೆಲಸವನ್ನು ನರ್ಸ್ ತಾನೇ ಮಾಡಬಹುದು, ಯಾವುದನ್ನು ಸಹಾಯಕರಿಗೆ ವಹಿಸಬಹುದು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ, ಕರಾರಿಗೆ ಸಹಿ ಹಾಕುವ ಮುನ್ನ ಅಲ್ಲಿನ ನಿಯಮ ಓದುವುದು ರೋಗಿಯ ಸುರಕ್ಷತೆಗೇ ಸಂಬಂಧಿಸಿದ ಮಾತು. ತಪ್ಪು ನಡೆದರೆ ಕೆಲಸ ಮಾಡಿದ ರಾಜ್ಯ ತನ್ನ ಗಡಿಯೊಳಗಿನ ಹಕ್ಕನ್ನು ಮಾತ್ರ ಕಸಿಯಬಹುದು, ಮೂಲ ಪರವಾನಗಿಯ ಮೇಲಿನ ಅಧಿಕಾರ ತವರು ರಾಜ್ಯದ್ದೇ. ಅದು ನಿರ್ಬಂಧ ಹೇರಿದರೆ ಎಲ್ಲ ರಾಜ್ಯಗಳಲ್ಲಿನ ಹಕ್ಕೂ ಒಟ್ಟಿಗೆ ನಿಂತುಹೋಗುತ್ತದೆ. ಈ ಮಾಹಿತಿ ‘ನರ್ಸಿಸ್’ ಎಂಬ ಸಮಾನ ದತ್ತಾಂಶ ಕೋಶದಲ್ಲಿ ದಾಖಲಾಗುತ್ತದೆ.

ಕ್ಯಾಲಿಫೋರ್ನಿಯಾದ ನರ್ಸುಗಳ ಸಂಘಟನೆ ಈ ಏರ್ಪಾಡನ್ನು ವಿರೋಧಿಸುತ್ತದೆ. ಹೊರಗಿನವರ ಮೇಲೆ ರಾಜ್ಯದ ಹಿಡಿತ ಸಡಿಲಗೊಳ್ಳುತ್ತದೆ ಎಂಬ ಅದರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಒಬ್ಬ ನರ್ಸಿಗೆ ಎಷ್ಟು ರೋಗಿಗಳೆಂಬ ಮಿತಿಯನ್ನು 2004ರಿಂದ ಆಸ್ಪತ್ರೆಗಳಲ್ಲಿ ಜಾರಿಗೊಳಿಸಿದ ರಾಜ್ಯವದು.

ಕರ್ನಾಟಕದಿಂದ ಹೋಗುವ ನರ್ಸುಗಳು ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದಾದರೂ, ಬಹುರಾಜ್ಯ ಪರವಾನಗಿಗೆ ಅಮೆರಿಕದ ಸಾಮಾಜಿಕ ಭದ್ರತಾ ಸಂಖ್ಯೆಯೂ ಒಡಂಬಡಿಕೆಗೆ ಸೇರಿದ ರಾಜ್ಯದ ಕಾಯಂ ವಾಸವೂ ಬೇಕಾಗಿರುವುದರಿಂದ, ಅವರು ಸಾಮಾನ್ಯವಾಗಿ ಒಂದು ರಾಜ್ಯದ ಪರವಾನಗಿಯಿಂದ ಆರಂಭಿಸಿ, ಅಲ್ಲಿ ನೆಲೆಯೂರಿದ ಮೇಲೆ ಇದಕ್ಕೆ ಅರ್ಜಿ ಸಲ್ಲಿಸುತ್ತಾರೆ.