ಅಕ್ಷರದೊಳಗಣ ಸ್ವರವೂ ಮಾತ್ರೆಯೂ

ಹೇಮಾವತಿಯ ದಡದ ಗೊರೂರಿನ ಆಡುನುಡಿಯಲ್ಲಿ ‘ಬಲೆ’ ಎಂಬ ಪದವನ್ನು ಏರುದನಿಯಲ್ಲಿ ನುಡಿದರೂ ಇಳಿದನಿಯಲ್ಲಿ ನುಡಿದರೂ ಅರ್ಥ ಒಂದೇ. ಅದರ ಅಕಾರವನ್ನು ಒಂದು ಮಾತ್ರೆ ಹೆಚ್ಚಿಸಿದೊಡನೆ ಅದು ‘ಬಾಲೆ’ಯಾಗುತ್ತದೆ. ಕನ್ನಡದಲ್ಲಿ ಅರ್ಥವನ್ನು ಭೇದಿಸುವುದು ಮಾತ್ರೆ, ದನಿಯ ಏರಿಳಿತವಲ್ಲ. ಆದರೆ ಏರಿಳಿತವೇ ಅರ್ಥನಿರ್ಣಾಯಕವಾದ ಕೆಲವು ಭಾಷೆಗಳಲ್ಲಿ ಆ ಸ್ವರವನ್ನು ಅಳೆಯುವ ಮಾನವೂ ಮಾತ್ರೆಯೇ ಎಂಬುದು ವಿಚಾರಾರ್ಹವಾಗಿದೆ.

ಪಾಣಿನಿಯ ಮತದಂತೆ ಉಚ್ಚವಾದುದು ಉದಾತ್ತ, ನೀಚವಾದುದು ಅನುದಾತ್ತ, ಇವೆರಡರ ಸಮಾಹಾರ ಸ್ವರಿತ. ಸ್ವರಿತದ ಆದಿಯ ಅರ್ಧಮಾತ್ರೆ ಮಾತ್ರ ಉದಾತ್ತ, ಉಳಿದುದು ಅನುದಾತ್ತ. ಅಂದರೆ ಹ್ರಸ್ವದಲ್ಲಿ ಅರ್ಧ, ದೀರ್ಘದಲ್ಲಿ ಒಂದೂವರೆ, ಪ್ಲುತದಲ್ಲಿ ಎರಡೂವರೆ ಮಾತ್ರೆಯಷ್ಟು ಭಾಗ ಅನುದಾತ್ತವಾಗುತ್ತದೆ. ಪ್ರಾಚೀನ ಗ್ರೀಕ್ ಭಾಷೆಯಲ್ಲಿಯೂ ಇದಕ್ಕೆ ಸಮೀಪವಾದ ಕ್ರಮವಿದೆ. ಅಲ್ಲಿ ದೀರ್ಘಸ್ವರದ ಮೊದಲ ಮಾತ್ರೆ ಉಚ್ಚವಾಗಿ ಎರಡನೆಯದು ಇಳಿದರೆ ಒಂದು ಸ್ವರ; ಎರಡನೆಯ ಮಾತ್ರೆಯೇ ಉಚ್ಚವಾದರೆ ಮತ್ತೊಂದು. ನಮ್ಮ ದೇಶದ ಪಂಜಾಬಿಯಲ್ಲಿ ‘ಕೋಡಾ’ ಎಂಬಂತೆ ಕೇಳುವ ಒಂದೇ ಉಚ್ಚಾರಣೆ, ಸ್ವರಭೇದದಿಂದ ಕುದುರೆ, ಚಾವಟಿ, ಕುಷ್ಠರೋಗಿ ಎಂಬ ಮೂರು ಅರ್ಥಗಳನ್ನು ಕೊಡುತ್ತದೆ.

ಸ್ವರಲೋಪದಿಂದ ಆಗುವ ಅನರ್ಥಕ್ಕೆ ಪತಂಜಲಿಯ ಮಹಾಭಾಷ್ಯದಲ್ಲಿ ಬರುವ ‘ಇಂದ್ರಶತ್ರು’ ಶಬ್ದವೇ ನಿದರ್ಶನ. ಅಂತ್ಯಾಕ್ಷರ ಉದಾತ್ತವಾದರೆ ಅದು ತತ್ಪುರುಷ: ಇಂದ್ರನನ್ನು ಕೊಲ್ಲುವವನು. ಆದ್ಯಕ್ಷರ ಉದಾತ್ತವಾದರೆ ಬಹುವ್ರೀಹಿ: ಇಂದ್ರನೇ ಯಾರನ್ನು ಕೊಲ್ಲುವನೋ ಅವನು. ಅಕ್ಷರಗಳು ಒಂದೇ; ಅರ್ಥ ವಿಪರೀತ.

ಪೂಜ್ಯಪಾದರ ಜೈನೇಂದ್ರವೂ ಪಾಲ್ಯಕೀರ್ತಿಯ ಶಾಕಟಾಯನವೂ ವೈದಿಕಪ್ರಯೋಗದ ಪ್ರಕರಣಗಳನ್ನು ಕೈಬಿಟ್ಟಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಜೈನಾಗಮದ ಅಧ್ಯಯನಕ್ಕೆ ಅವು ಅಗತ್ಯವಿರಲಿಲ್ಲ. ಆದರೆ ಬಸದಿ, ಮಠಗಳ ಭಂಡಾರಗಳಲ್ಲಿ ಅನ್ಯದರ್ಶನದ ಗ್ರಂಥಗಳೂ ಉಳಿದುಬಂದಿರುವುದರಿಂದ ಸಂಶೋಧಕನಿಗೆ ಸ್ವರಚಿಹ್ನೆಗಳ ಪರಿಜ್ಞಾನ ಅವಶ್ಯ. ಋಗ್ವೇದ ಮತ್ತು ತೈತ್ತಿರೀಯ ಪಾಠಗಳಲ್ಲಿ ಅಕ್ಷರದ ಕೆಳಗಣ ಅಡ್ಡಗೆರೆ ಅನುದಾತ್ತವನ್ನೂ ಮೇಲಣ ಲಂಬಗೆರೆ ಸ್ವರಿತವನ್ನೂ ಸೂಚಿಸುತ್ತವೆ. ಪ್ರಧಾನವಾದ ಉದಾತ್ತಕ್ಕೆ ಗುರುತೇ ಇಲ್ಲ. ಶತಪಥಬ್ರಾಹ್ಮಣದಲ್ಲಿಯಾದರೋ ಕೆಳಗಣ ಗೆರೆಯೇ ಉದಾತ್ತದ ಚಿಹ್ನೆ. ಮೈತ್ರಾಯಣೀ ಸಂಹಿತೆಯಲ್ಲಿ ಮೇಲಣ ಲಂಬಗೆರೆ ಉದಾತ್ತವನ್ನೇ ತೋರಿಸುತ್ತದೆ.

ಆದುದರಿಂದ ಇಂಥ ಗೆರೆಗಳನ್ನು ಲಿಪಿಕಾರನ ಅಲಂಕಾರವೆಂದಾಗಲಿ ಒರೆಸಬೇಕಾದ ಮಾಲಿನ್ಯವೆಂದಾಗಲಿ ಭಾವಿಸಿ ಪ್ರತಿಮಾಡುವಾಗ ಬಿಡಲಾಗದು. ಮೊದಲು ಗ್ರಂಥದ ಶಾಖೆಯನ್ನು ನಿರ್ಣಯಿಸಿ, ಆ ಬಳಿಕವೇ ಗೆರೆಗೆ ಅರ್ಥವನ್ನು ಹೇಳಬೇಕು. ಗುರುತಿಲ್ಲದ ಅಕ್ಷರವನ್ನು ಸ್ವರಹೀನವೆಂದು ಎಣಿಸಬಾರದು. ಪದದ ಅರ್ಥ ನಿಂತಿರುವುದು ಅನೇಕ ವೇಳೆ ಆ ಅಕ್ಷರದ ಮೇಲೆಯೇ.