ಮೇಲೆ ಥಳಕು, ಸೀಟಿನಡಿ ತುಕ್ಕು

ಸಿರ್ಗಾಪುರ: ದಸರಾ ಬಂತೆಂದರೆ ಗಡಿಭಾಗದ ಊರುಗಳಲ್ಲಿ ಹಳೆ ಕಾರುಗಳಿಗೂ ಹೊಸ ಕಳೆ. ಬೋರಿನ ನೀರು ಬಿಟ್ಟು, ಬಾಗಿಲು ತೆರೆದು ಒಳಗೂ ಪೈಪ್ ಹಿಡಿದು ತೊಳೆದು, ಚೆಂಡುಹೂವಿನ ಹಾರ ಹಾಕಿದರೆ ‘ಗಾಡಿ ಸ್ವಚ್ಛ ಆಯ್ತು ನೋಡ್ರಿ’ ಎಂಬ ಸಮಾಧಾನ. ಆದರೆ ಒಳಗೆ ಬಿಟ್ಟ ನೀರು ಎಲ್ಲಿ ಹೋಯಿತು? ಮೇಲಿನ ರಬ್ಬರ್ ಮ್ಯಾಟು ಸಂಜೆಗೇ ಒಣಗುತ್ತದೆ. ಅದರಡಿಯ ಕಾರ್ಪೆಟ್ಟು, ಕಾರ್ಪೆಟ್ಟಿನಡಿಯ ದಪ್ಪ ನಮ್ದಾ ಮಾತ್ರ ವಾರಗಟ್ಟಲೆ ಹಸಿಯಾಗಿಯೇ ಇರುತ್ತವೆ. ತಗಡಿಗೆ ತುಕ್ಕು ಹಿಡಿಯುವುದು ಅಲ್ಲೇ.

ಸಿರ್ಗಾಪುರ, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಸುತ್ತಿನ ಕನ್ನಡ ಮನೆಗಳಿಗೆ ಹಳೆ ಕಾರು ಶೋಕಿಯ ವಸ್ತುವಲ್ಲ. ಬೀದರಿನ ದವಾಖಾನೆಗೆ, ಔರಾದಿನ ಬೀಗರ ಮನೆಗೆ, ಚಿಂಚೋಳಿ, ಸೇಡಂ ಕಡೆಯ ಮದುವೆಗೆ ಓಡುವುದು ಅದೇ. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಓಮ್ನಿ 2019ರಲ್ಲಿ ನಿಂತಿತು. ಈಗ ಓಡುತ್ತಿರುವ 800 ಗಾಡಿಗಳೆಲ್ಲ ಹತ್ತು ವರ್ಷ ದಾಟಿದವೇ.

ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಆಯುಷ್ಯ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿ ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000ಕ್ಕೆ ಏರಿತು. ಇಷ್ಟು ಹಣ ಕಟ್ಟುವ ಮೊದಲು ಗಾಡಿಯ ತಳ ಗಟ್ಟಿ ಇದೆಯೇ ಎಂದು ನೋಡುವುದು ಜಾಣತನ. ಅದಕ್ಕೆ ಸೀಟು ಬಿಚ್ಚಲೇಬೇಕು.

ಬಿಚ್ಚುವ ಬಗೆ

ಮಿರಗದ ಮಳೆಗೆ ಮುಂಚೆ, ಬಿಸಿಲು ಚೆನ್ನಾಗಿರುವ ಎರಡು ದಿನ ಆರಿಸಿಕೊಳ್ಳಿ. ಮೊದಲು ಬ್ಯಾಟರಿಯ ಮೈನಸ್ ವೈರು ತೆಗೆಯಿರಿ. ಮುಂದಿನ ಒಂದೊಂದು ಸೀಟಿಗೆ ಸಾಮಾನ್ಯವಾಗಿ ನಾಲ್ಕು ಬೋಲ್ಟು. ಸೀಟು ಹಿಂದೆ ಸರಿಸಿದರೆ ಮುಂದಿನ ಎರಡು, ಮುಂದೆ ಸರಿಸಿದರೆ ಹಿಂದಿನ ಎರಡು ಕಾಣುತ್ತವೆ. ಹಿಂಸೀಟು ಕೆಲವು ಗಾಡಿಗಳಲ್ಲಿ ಕ್ಲಿಪ್ಪಿನ ಮೇಲೆ, ಕೆಲವುಗಳಲ್ಲಿ ಬೋಲ್ಟಿನ ಮೇಲೆ ಕೂತಿರುತ್ತದೆ.

ಹಳೆ ಬೋಲ್ಟಿಗೆ ಒಮ್ಮೆಲೇ ಜೋರು ಹಾಕಬೇಡಿ, ತಲೆ ಮುರಿದರೆ ಕೆಲಸ ದುಪ್ಪಟ್ಟು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿದು ಹೀಗೆ ಸಡಿಲಿಸಿ. ಯಾವ ಬೋಲ್ಟು ಎಲ್ಲಿಯದು ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಎರಡು ಮಾತು ನೆನಪಿರಲಿ. ಸೀಟಿನಡಿ ಹಳದಿ ಬಣ್ಣದ ವೈರು, ಕನೆಕ್ಟರು ಕಂಡರೆ ಅದು ಏರ್‌ಬ್ಯಾಗಿನದು. ಕೈ ಹಚ್ಚಬೇಡಿ, ತಿಳಿದವರಿಗೆ ಬಿಡಿ. ಓಮ್ನಿಯಲ್ಲಿ ಮುಂದಿನ ಸೀಟಿನ ಕೆಳಗೇ ಎಂಜಿನ್ ಇದೆ. ಅಲ್ಲಿ ನೀರು ಸುರಿಯುವ ಮಾತೇ ಬೇಡ.

ಸೀಟಿನಡಿ ಸಿಗುವುದು

ಸೀಟು ಎತ್ತಿದರೆ ಮನೆಯ ವರ್ಷದ ಲೆಕ್ಕವೇ ಅಲ್ಲಿರುತ್ತದೆ: ಚೀಲದಿಂದ ಉದುರಿದ ತೊಗರಿ, ಜೋಳ, ಮಕ್ಕಳ ಬಿಸ್ಕತ್ತು, ತಾಂಡೂರು ಕಡೆಯಾದರೆ ಫರಸಿ ಕಲ್ಲಿನ ಬೂದಿಯಂಥ ಧೂಳು. ಕಾಳು ಇದ್ದಲ್ಲಿ ಇಲಿ ಬರುತ್ತದೆ. ಇಲಿ ಬಂದರೆ ವೈರು ಕಡಿಯುತ್ತದೆ. ಇಲಿಯ ಹಿಕ್ಕೆ ಕಂಡರೆ ಒಣಗಿದ್ದನ್ನೇ ಕಸಬರಿಗೆಯಿಂದ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಕೈಗವಸು, ಮಾಸ್ಕ್ ಹಾಕಿ, ಫಿನಾಯಿಲ್ ನೀರು ಚಿಮುಕಿಸಿ ನೆನೆಸಿ, ಬಟ್ಟೆಯಿಂದ ಒರೆಸಿ ತೆಗೆಯಿರಿ.

ಕಾರ್ಪೆಟ್ಟು, ನಮ್ದಾ ಎರಡನ್ನೂ ಹೊರಗೆ ತೆಗೆದು, ಧೂಳು ಝಾಡಿಸಿ, ಸೋಪಿನ ನೀರಿನಿಂದ ಉಜ್ಜಿ, ಎರಡೂ ಮಗ್ಗುಲು ಪೂರಾ ಒಣಗುವ ತನಕ ಬಿಸಿಲಿಗೆ ಹಾಕಿ. ಸೀಟಿನ ಬಟ್ಟೆಗೆ ಸೋಪಿನ ನೊರೆ ಸಾಕು. ಒಳಗಿನ ಸ್ಪಂಜು ನೆನೆದರೆ ವಾಸನೆ ಬಿಡುವುದಿಲ್ಲ. ಬೆಲ್ಟಿಗೆ ಸಾದಾ ಸೋಪು ಹಾಕಿ. ಬ್ಲೀಚಿಂಗ್ ಹಾಕಿದರೆ ಪಟ್ಟಿಯ ನೂಲು ಸೋಲುತ್ತದೆ, ಅಪಘಾತದಲ್ಲಿ ಹಿಡಿದು ನಿಲ್ಲಬೇಕಾದದ್ದು ಆ ನೂಲೇ.

ತೊಳೆಯದಿದ್ದರೂ ಕಾರ್ಪೆಟ್ಟು ಹಸಿ ಇದ್ದರೆ ನೀರು ಬರುವ ದಾರಿ ಹುಡುಕಿ. ಬಾಗಿಲಿನ ರಬ್ಬರು, ಮುಂದಿನ ಗಾಜಿನ ಬೀಡಿಂಗು, ಕಟ್ಟಿಕೊಂಡ ಎಸಿ ಪೈಪು, ಈ ಮೂರನ್ನು ಮೊದಲು ನೋಡಿ. ಹಸಿಯ ಜತೆ ಸಿಹಿ ವಾಸನೆ, ಅಂಟು ಇದ್ದರೆ ಅದು ಮಳೆನೀರಲ್ಲ, ಹೀಟರಿನಿಂದ ಸೋರಿದ ಕೂಲಂಟು.

ತಗಡಿನ ಪರೀಕ್ಷೆ

ಇನ್ನು ಮುಖ್ಯ ಕೆಲಸ. ಗ್ಯಾರೇಜಿನಲ್ಲಿ ‘ಜಂಗ್’ ಅನ್ನಲಿ, ‘ತುಪ್ಪು’ ಅನ್ನಲಿ, ನಮ್ಮ ತುಕ್ಕೇ ಅದು. ಖಾಲಿ ತಳವನ್ನು, ಅದರಲ್ಲೂ ಬೋಲ್ಟು ಕೂರುವ ಜಾಗದ ಸುತ್ತ, ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಮೇಲುಮೇಲಿನ ತುಕ್ಕಾದರೆ ತಂತಿಬ್ರಷ್ಷಿನಿಂದ ಕೆರೆದು, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಬಣ್ಣ ಬಳಿದರೆ ಸಾಕು. ತುದಿ ಒಳಗೆ ಇಳಿಯಿತೆಂದರೆ ಬಣ್ಣದಿಂದ ಆಗುವ ಕೆಲಸವಲ್ಲ. ಹೊಸ ತಗಡು ಹಾಕಿ ವೆಲ್ಡಿಂಗ್ ಮಾಡಿಸಬೇಕು. ಹಲವು ಸಣ್ಣ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಹಿಂಸೀಟಿನ ಕೆಳಗೇ ಇರುವುದರಿಂದ, ಟ್ಯಾಂಕು ಇಳಿಸದೆ ಅಲ್ಲಿ ವೆಲ್ಡಿಂಗ್ ಮಾಡಲು ಬಿಡಬೇಡಿ.

ತೂತಿನ ಮೇಲೆ ಎಂ-ಸೀಲ್ ಮೆತ್ತಿ, ಮ್ಯಾಟು ಹಾಸಿ ಮಾರುವವರೂ ಉಂಟು, ಹಾಗೇ ಓಡಿಸುವವರೂ ಉಂಟು. ಅದು ಜೀವಕ್ಕೆ ಎರವು. ಗಾಡಿ ಗಕ್ಕನೆ ನಿಂತಾಗ ಕೂತವರ ಭಾರವೆಲ್ಲ ಬೀಳುವುದು ಆ ನಾಲ್ಕು ಬೋಲ್ಟಿನ ಮೇಲೆ. ತಗಡು ಹರಿದರೆ ಸೀಟು ಮನುಷ್ಯನ ಸಮೇತ ಮುಂದೆ ಬರುತ್ತದೆ. ಇನ್ನೊಂದು, ತಳದ ತೂತಿನಿಂದ ಸೈಲೆನ್ಸರಿನ ಹೊಗೆ ಒಳಗೆ ನುಗ್ಗಬಹುದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಜು ಏರಿಸಿ ಹೊರಟ ದೂರದ ದಾರಿಯಲ್ಲಿ ಮಕ್ಕಳಿಗೆ ತಲೆನೋವು, ವಾಂತಿ ಎಂದರೆ ಬರೀ ‘ಗಾಡಿ ಆಗಿಬರಲ್ಲ’ ಎಂದು ಸುಮ್ಮನಾಗಬೇಡಿ.

ಮರಳಿ ಜೋಡಿಸುವಾಗ

ನಮ್ದಾ ಕೈಗೆ ಪೂರ್ತಿ ಒಣಗಿದಂತೆ ಹತ್ತುವ ತನಕ ಹಾಸಬೇಡಿ. ತಳದ ರಬ್ಬರ್ ಬೂಚುಗಳನ್ನು ಮರೆಯದೆ ಕೂರಿಸಿ. ನಾಲ್ಕೂ ಬೋಲ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಹಿಡಿಸಿ, ಆಮೇಲೆ ಪಾನಾದಿಂದ ಬಿಗಿಯಿರಿ. ಸೀಟು ಹಿಡಿದು ಜಗ್ಗಿ ನೋಡಿ; ಹಳಿಯ ಮೇಲೆ ಸರಿಸಿದಾಗ ‘ಕಟ್’ ಎಂದು ಲಾಕ್ ಆಗಬೇಕು. ಬೆಲ್ಟು ಜೋರಾಗಿ ಎಳೆದಾಗ ತಡೆಯಬೇಕು. ಸೀಟು ಬಿಗಿಯದೆ, ‘ಇಲ್ಲೇ ಮನಿತನಕ’ ಎಂದು ಗಾಡಿ ತೆಗೆಯಬೇಡಿ.

ಮನೆಮಂದಿ ಸೇರಿದರೆ ಎರಡು ದಿನದ ಕೆಲಸ; ಸೋಪು, ಬ್ರಷ್ಷು, ಒಂದು ಡಬ್ಬಿ ಬಣ್ಣದ ಖರ್ಚು. ತಗಡು ಗಟ್ಟಿ ಇದ್ದರೆ ನವೀಕರಣಕ್ಕೆ ಧೈರ್ಯವಾಗಿ ಹೋಗಬಹುದು. ಇಲ್ಲದಿದ್ದರೆ ಶುಲ್ಕ ಕಟ್ಟುವ ಮೊದಲೇ ಗೊತ್ತಾಗುತ್ತದೆ. ಈ ಸಲ ದಸರೆಗೆ ಪೈಪು ಹೊರಗಷ್ಟೇ ಹಿಡಿಯಿರಿ, ಒಳಗೆ ಒದ್ದೆ ಬಟ್ಟೆ ಸಾಕು.