15 ಗೋಲಿನ ತೂಕ

ಲಯೊನೆಲ್ ಮೆಸ್ಸಿ 8 ಸಲ ಬ್ಯಾಲನ್ ಡಿ'ಓರ್ ಗೆದ್ದಿದ್ದಾನೆ. ಡಿಯೆಗೊ ಮರಡೋನಾ ಒಂದು ಸಲವೂ ಗೆಲ್ಲಲಿಲ್ಲ. ಇಬ್ಬರಲ್ಲಿ ಯಾರು ದೊಡ್ಡವರು ಎಂಬ ವಾದ ಎದ್ದಾಗಲೆಲ್ಲ ಈ ಲೆಕ್ಕ ಮುಂದೆ ಬರುತ್ತದೆ. ಆದರೆ ಆ ಪ್ರಶಸ್ತಿ 1994ರವರೆಗೂ ಯುರೋಪಿನ ಆಟಗಾರರಿಗೆ ಮಾತ್ರ ಮೀಸಲಾಗಿತ್ತು ಎಂಬುದನ್ನು ಹೇಳುವವರು ಕಡಿಮೆ. ಮರಡೋನಾ ಅರ್ಜೆಂಟೀನಾಕ್ಕೆ ವಿಶ್ವಕಪ್ ತಂದುಕೊಟ್ಟ 1986ರಲ್ಲಿ ಅದು ಸೋವಿಯತ್ ಒಕ್ಕೂಟದ ಇಗೋರ್ ಬೆಲಾನೊವ್‌ಗೆ ಹೋಯಿತು. ಅರ್ಜೆಂಟೀನಾದವನಾದ ಮರಡೋನಾನ ಹೆಸರನ್ನು ಆ ವರ್ಷ ಪರಿಗಣಿಸಲು ಅವಕಾಶವೇ ಇರಲಿಲ್ಲ. ಹಾಗಾಗಿ 8 ಮತ್ತು ಸೊನ್ನೆ ಎಂಬ ಈ ಹೋಲಿಕೆ ನಮಗೆ ಆ ಕಾಲದ ನಿಯಮವನ್ನು ತಿಳಿಸುತ್ತದೆಯೇ ಹೊರತು ಆಟಗಾರರ ಅಳತೆಯನ್ನಲ್ಲ. ಹಿಂದಿನ ದಿಗ್ಗಜನನ್ನು ಇಂದಿನ ತಾರೆಯ ಪಕ್ಕ ನಿಲ್ಲಿಸುವ ಮುನ್ನ ಅವರವರು ಆಡಿದ ಆಟವನ್ನೇ ತೂಗಿ ನೋಡಬೇಕು. ಹೆಸರು ಫುಟ್‌ಬಾಲ್ ಎಂದೇ ಇದ್ದರೂ 1980ರ ದಶಕದ ಆಟ ಬೇರೆ, ಇಂದಿನದು ಬೇರೆ.

ಗೋಲುಗಳ ಲೆಕ್ಕವನ್ನೇ ನೋಡಿ. 2011-12ರ ಋತುವಿನಲ್ಲಿ ಮೆಸ್ಸಿ ಸ್ಪೇನಿನ ಲೀಗ್‌ನಲ್ಲಿ 50 ಗೋಲು ಹೊಡೆದ. ಮರಡೋನಾ ನಾಪೊಲಿ ತಂಡದಲ್ಲಿದ್ದಾಗ, 1987-88ರಲ್ಲಿ, ಇಟಲಿಯ ಸೀರಿ ಎ ಲೀಗ್‌ನಲ್ಲಿ ಹೊಡೆದದ್ದು 15. ಬರೀ ಅಂಕಿ ನೋಡಿದರೆ ಅಜಗಜಾಂತರ. ಆದರೆ ಆ ವರ್ಷ ಇಟಲಿಯ ಲೀಗ್‌ನಲ್ಲಿ ಯಾರೂ ಅದಕ್ಕಿಂತ ಹೆಚ್ಚು ಗೋಲು ಹೊಡೆಯಲಿಲ್ಲ. 15 ಗೋಲಿಗೇ ಅವನು ಅಗ್ರ ಗೋಲುಗಾರ. ಅದೂ ಪೆಟ್ಟಿಗೆಯೊಳಗೆ ಕಾದು ನಿಂತು ಗೋಲು ಹೊಡೆಯುವ ಸ್ಟ್ರೈಕರ್ ಆಗಿ ಅಲ್ಲ, ಮಧ್ಯದಿಂದ ಆಟ ಕಟ್ಟುವವನಾಗಿ. ಆಗ ಆ ಲೀಗ್‌ನಲ್ಲಿ ಇದ್ದದ್ದು 16 ತಂಡ, 30 ಸುತ್ತು. ಮೆಸ್ಸಿ ಆಡಿದ ಲೀಗ್‌ನಲ್ಲಿ 20 ತಂಡ, 38 ಸುತ್ತು. ಮರಡೋನಾನದು ಗೆಲುವಿಗೆ ಎರಡು ಅಂಕ, ಸಮಬಲಕ್ಕೆ ಒಂದು ಎಂಬ ಪದ್ಧತಿಯಿದ್ದ ಕಾಲವಾದ್ದರಿಂದ ಸೋಲದೆ ಉಳಿದರೆ ಸಾಕು ಎಂದು ಆಡುವ ತಂಡಗಳೇ ಹೆಚ್ಚು. ಸಿಕ್ಕಿಬಿದ್ದ ಡಿಫೆಂಡರ್ ಚೆಂಡನ್ನು ತನ್ನ ಗೋಲ್‌ಕೀಪರ್‌ಗೆ ಹಿಂದಕ್ಕೆ ಒದ್ದರೆ ಆತ ಕೈಯಲ್ಲಿ ಹಿಡಿದು ಸಮಯ ತಳ್ಳಬಹುದಿತ್ತು. ಅದಕ್ಕೆ ತಡೆ ಬಿದ್ದದ್ದು 1992ರಲ್ಲಿ.

ಇನ್ನು ಮೈಮೇಲೆ ಬಿದ್ದ ಪೆಟ್ಟುಗಳ ಮಾತು. 1982ರ ವಿಶ್ವಕಪ್‌ನಲ್ಲಿ, ಬಾರ್ಸಿಲೋನಾದಲ್ಲಿ ನಡೆದ ಇಟಲಿ ಪಂದ್ಯದಲ್ಲಿ ಕ್ಲಾಡಿಯೊ ಜೆಂಟೀಲೆ ಮರಡೋನಾನ ಬೆನ್ನಿಗೇ ಅಂಟಿಕೊಂಡಿದ್ದ. ಅಂಗಿ ಹಿಡಿದೆಳೆಯುವುದು, ಹಿಮ್ಮಡಿಗೆ ಒದೆಯುವುದು, ಚೆಂಡು ಬರುವ ಮೊದಲೇ ಮೈಮೇಲೆ ಬೀಳುವುದು. ಆ ಒಂದೇ ಪಂದ್ಯದಲ್ಲಿ ಮರಡೋನಾ ಮೇಲೆ 23 ಫೌಲ್ ಆದವು. ಜೆಂಟೀಲೆ ಕೊನೆಯವರೆಗೂ ಮೈದಾನದಲ್ಲೇ ಇದ್ದ. ಪಂದ್ಯವನ್ನು ಇಟಲಿ 2-1ರಿಂದ ಗೆದ್ದಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಬಿಲ್ಬಾವೊ ತಂಡದ ಆಂದೊನಿ ಗೊಯಿಕೊಚಿಯಾ ಹಿಂದಿನಿಂದ ನುಗ್ಗಿ ಮರಡೋನಾನ ಪಾದದ ಗಿಣ್ಣು ಮುರಿದ. ಇಂಥ ಆಟ ಎಲ್ಲಿಗೆ ಮುಟ್ಟಿತೆಂದರೆ 1990ರ ವಿಶ್ವಕಪ್‌ನಲ್ಲಿ ಪಂದ್ಯಕ್ಕೆ ಸರಾಸರಿ 2.21 ಗೋಲು ಮಾತ್ರ ಬಂತು. ಅಲ್ಲಿಯವರೆಗಿನ ವಿಶ್ವಕಪ್‌ಗಳಲ್ಲೇ ಅತಿ ಕಡಿಮೆ. ಆಮೇಲೆ ಫುಟ್‌ಬಾಲಿನ ದೊಡ್ಡವರು ಎಚ್ಚೆತ್ತರು. ಗೋಲಿನತ್ತ ಒಂಟಿಯಾಗಿ ಓಡುವವನನ್ನು ಬೀಳಿಸಿದರೆ ರೆಡ್ ಕಾರ್ಡ್, 1998ರ ವಿಶ್ವಕಪ್ ವೇಳೆಗೆ ಹಿಂದಿನಿಂದ ಅಪಾಯಕಾರಿಯಾಗಿ ಕಾಲು ಹಾಕುವವನಿಗೂ ರೆಡ್ ಕಾರ್ಡ್ ಎಂದಾಯಿತು. ಮೆಸ್ಸಿ ಬೆಳೆದದ್ದು ಈ ನೆರಳಿನಲ್ಲಿ. ಅದು ಅವನ ತಪ್ಪಲ್ಲ, ಅವನ ಸಾಧನೆಗೆ ಕಳಂಕವೂ ಅಲ್ಲ. ಆದರೆ ಆ 50ರಲ್ಲಿ ಈ ನಿಯಮಗಳ ಪಾಲೂ ಇದೆ.

ಪ್ರತಿಭೆಯನ್ನೇ ಎದುರುಬದುರು ಇಟ್ಟು ನೋಡಬೇಕೆನ್ನುವವರಿಗೆ ಎರಡು ಗೋಲುಗಳಿವೆ. 1986ರ ಜೂನ್ 22ರಂದು ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ ಮರಡೋನಾ ತನ್ನ ಅರ್ಧದಲ್ಲೇ ಚೆಂಡು ಪಡೆದು, ಅಲ್ಲೇ ಗಿರ್ರನೆ ತಿರುಗಿ, ಸುಮಾರು 60 ಮೀಟರ್ ಓಡಿ, ಇಂಗ್ಲೆಂಡಿನವರನ್ನು ಒಬ್ಬೊಬ್ಬರಾಗಿ ದಾಟಿ, ಕೊನೆಗೆ ಗೋಲ್‌ಕೀಪರ್ ಶಿಲ್ಟನ್‌ನನ್ನೂ ವಂಚಿಸಿ ಗೋಲು ಹೊಡೆದ. 2007ರ ಏಪ್ರಿಲ್ 18ರಂದು 19 ವರ್ಷದ ಮೆಸ್ಸಿ ಗೆಟಾಫೆ ತಂಡದ ವಿರುದ್ಧ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಓಡಿ, ಅದೇ ರೀತಿ ಕೀಪರನ್ನು ಬಲಕ್ಕೆ ದಾಟಿ ಮುಗಿಸಿದ. ಕಾಲಿನ ಚಳಕದಲ್ಲಿ ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ. ವ್ಯತ್ಯಾಸವಿರುವುದು ಸುತ್ತಲಿನ ಸನ್ನಿವೇಶದಲ್ಲಿ. ಒಂದು ನಡುಹಗಲ ಬಿಸಿಲಲ್ಲಿ, ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಹೆಚ್ಚು ಎತ್ತರದಲ್ಲಿ, ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ. ಇನ್ನೊಂದು ತನ್ನದೇ ತಂಡದ ಅಂಗಳದಲ್ಲಿ, ಸ್ಪೇನಿನ ದೇಶೀಯ ಕಪ್‌ನಲ್ಲಿ.

ಇಂದಿನ ಆಟಗಾರರು ಹೆಚ್ಚು ಗಟ್ಟಿಗರು, ರಕ್ಷಣಾ ವ್ಯೂಹ ಹೆಚ್ಚು ಬಿಗಿ, ಪ್ರತಿ ಆಟಗಾರನ ನಡೆಯನ್ನೂ ವಿಡಿಯೋದಲ್ಲಿ ಅಳೆದಿಟ್ಟುಕೊಂಡಿರುತ್ತಾರೆ. ಇದರ ಮುಂದೆ ಮರಡೋನಾ ನಿಲ್ಲುತ್ತಿದ್ದನೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅವನನ್ನು ಈ ಕಾಲಕ್ಕೆ ಕರೆತರುವುದಾದರೆ ಈ ಕಾಲದ ವೈದ್ಯ, ಆಹಾರ, ನುಣ್ಣನೆಯ ಹುಲ್ಲು, ರೆಫರಿಯ ರಕ್ಷಣೆ ಎಲ್ಲವನ್ನೂ ಅವನಿಗೂ ಕೊಡಬೇಕಲ್ಲ! ಇನ್ನೊಂದು ಆಕ್ಷೇಪಕ್ಕೆ ಮಾತ್ರ ಉತ್ತರವಿಲ್ಲ, ಅದನ್ನು ಒಪ್ಪಲೇಬೇಕು. 1991ರಲ್ಲಿ ಕೊಕೇನ್‌ಗಾಗಿ 15 ತಿಂಗಳ ನಿಷೇಧ, 1994ರ ವಿಶ್ವಕಪ್‌ನಿಂದ ಎಫೆಡ್ರಿನ್ ಸೇವನೆಗಾಗಿ ಹೊರಬಿದ್ದದ್ದು: ಇವನ್ನು ಯಾವ ಡಿಫೆಂಡರೂ ಮಾಡಲಿಲ್ಲ. ಮೆಸ್ಸಿ 35ನೇ ವಯಸ್ಸಿನಲ್ಲಿ, 2022ರ ಫೈನಲ್‌ನಲ್ಲಿ ಎರಡು ಗೋಲು ಹೊಡೆದು ಕಪ್ ಎತ್ತಿದ. ಅಷ್ಟು ದೀರ್ಘಕಾಲ ಅಷ್ಟು ಎತ್ತರದಲ್ಲಿ ಉಳಿಯುವ ಶಿಸ್ತು ಮರಡೋನಾಗೆ ಇರಲಿಲ್ಲ.

ಆದ್ದರಿಂದ ಇಡೀ ವೃತ್ತಿಜೀವನದ ಲೆಕ್ಕದಲ್ಲಿ ಮೆಸ್ಸಿಯೇ ಮೇಲು ಎಂದರೆ ನನ್ನ ತಕರಾರಿಲ್ಲ. ಅವನು 50 ಹೊಡೆದ, ಇವನು 15 ಎಂದು ಹೇಳಿ ಕೈತೊಳೆದುಕೊಳ್ಳುವುದಕ್ಕೆ ಮಾತ್ರ ತಕರಾರಿದೆ. ಮರಡೋನಾ ಬರುವ ಮೊದಲು ನಾಪೊಲಿ ಒಮ್ಮೆಯೂ ಇಟಲಿಯ ಲೀಗ್ ಗೆದ್ದಿರಲಿಲ್ಲ. ಅವನಿದ್ದಾಗ 1987 ಮತ್ತು 1990ರಲ್ಲಿ ಗೆದ್ದಿತು. ಅವನು ಹೋದ ಮೇಲೆ ಮತ್ತೆ ಗೆಲ್ಲಲು 2023ರವರೆಗೆ ಕಾಯಬೇಕಾಯಿತು. ಇಂಗ್ಲೆಂಡಿನ ವಿರುದ್ಧದ ಆ ಗೋಲನ್ನು ನೀವು ಹತ್ತಾರು ಸಲ ನೋಡಿರುತ್ತೀರಿ. ಬಿಡುವಾದಾಗ 1982ರ ಇಟಲಿ ಪಂದ್ಯವನ್ನೂ ಹುಡುಕಿ ನೋಡಿ, ಅವನು ಎಷ್ಟು ಸಲ ಬಿದ್ದು ಎದ್ದ ಎಂದು ಎಣಿಸಿ.